ಸೊನ್ನೆಯ ಗೆರೆ

ಇಪ್ಪತ್ತೊಂಬತ್ತು ಮಳೆಗಾಲ ಕೂಡಿಗೆಯಲ್ಲಿ
ಹೊಳೆಯ ಮಟ್ಟ ಬರೆದವನು ನಾನು.
ಕಂಬಕ್ಕೆ ಬಳಿದ ಬಿಳಿ ಪಟ್ಟಿ, ಮೇಲೆ ಕಪ್ಪು ಗೆರೆಗಳು,
ಕಕ್ಕಡದಲ್ಲಿ ಗಂಟೆಗೊಮ್ಮೆ, ನಡುರಾತ್ರಿಯೂ,
ಕೈಯಲ್ಲಿ ಟಾರ್ಚು, ತಲೆಗೆ ಗೊಬ್ಬರಚೀಲದ ಕೊಪ್ಪೆ.
ನೀರೆಷ್ಟು ಎಂದು ಕೇಳುವವರು ಮೈಸೂರಲ್ಲಿದ್ದರು,
ಮಂಡ್ಯದಲ್ಲಿ, ಇನ್ನೂ ಕೆಳಗೆ, ನನಗೆ ಮಾತು ತಿಳಿಯದ ಊರುಗಳಲ್ಲಿ.
ಎಲ್ಲಿಂದ ಎಂದು ಒಬ್ಬರೂ ಕೇಳಲಿಲ್ಲ.
ಪಟ್ಟಿಯ ಬುಡದಲ್ಲೊಂದು ಸೊನ್ನೆ ಉಂಟು;
ಯಾವ ಬೇಸಗೆಯಲ್ಲೂ ಹೊಳೆ ಅಲ್ಲಿಗಿಳಿದದ್ದು ನಾ ಕಾಣೆ.

ಕೇಳಿದವಳು ಭಾಗೀರಥಿ, ನನ್ನ ಹೆಂಡತಿ,
ಗಂಗೆಯ ಹೆಸರಿಟ್ಟುಕೊಂಡು ಕಾವೇರಿಯಲ್ಲಿ ಬಟ್ಟೆ ಒಗೆದವಳು:
"ತಲೆ ನೋಡದೆ ಸೊಂಟ ಅಳೆದಿರಿ ಇಷ್ಟು ವರ್ಷ.
ಪಿಂಚಣಿ ಬಂತಲ್ಲ, ಹೊರಡಿ ಇನ್ನು."

ತುಲಾ ಸಂಕ್ರಮಣದ ಮುನ್ನಾದಿನ ಮಡಿಕೇರಿಯಿಂದ ಬಸ್ಸು.
ಬೆಟ್ಟಗೇರಿ, ಚೇರಂಬಾಣೆ, ತಿರುವಿಗೊಂದು ಬೋರ್ಡು:
ಹೋಂಸ್ಟೇ, ಮಂಜಿನ ನೋಟ, ಇಪ್ಪತ್ತನಾಲ್ಕು ಗಂಟೆ ಬಿಸಿನೀರು.
ಗುಡ್ಡ ಜಾರಿದ ಕಡೆ ಮಣ್ಣು ಇನ್ನೂ ಹಸಿ ಕೆಂಪು.
ಅಲ್ಲಿ ದಾಟುವಾಗ ಬಸ್ಸಿನ ಮಾತೆಲ್ಲ ನಿಂತಿತು,
ಕಂಡಕ್ಟರ್ ಚಿಲ್ಲರೆ ಎಣಿಸುವುದೂ.

ಭಾಗಮಂಡಲದಲ್ಲಿ ಮುಳುಗು ಹಾಕಿದೆವು.
ಕಾವೇರಿ ಕಾಣುತ್ತಾಳೆ, ಕನ್ನಿಕೆ ಕಾಣುತ್ತಾಳೆ,
ಸುಜ್ಯೋತಿ ಒಳಗೊಳಗೇ ಬರುತ್ತಾಳಂತೆ.
ಅವಳ ಮಟ್ಟ ಯಾರು ಬರೆಯುವುದು?
ಮೊಣಕಾಲು ನೀರಲ್ಲಿ ನಿಂತು ಯೋಚಿಸಿದೆ, ಅಭ್ಯಾಸಬಲ.
ಪಕ್ಕದಲ್ಲಿ ಆಗಷ್ಟೇ ತಲೆ ಬೋಳಿಸಿಕೊಂಡ ಹುಡುಗ
ಪಿಂಡ ಬಿಟ್ಟ. ಮೀನು ಮುತ್ತಿದವು.
ಅಳುತ್ತಿದ್ದವನು ಅಳು ಮರೆತು
ದೊಡ್ಡ ಮೀನು ಯಾವುದೆಂದು ನೋಡುತ್ತ ನಿಂತ.

ತಲಕಾವೇರಿಯಲ್ಲಿ ಚಳಿ, ತುಪ್ಪದ ದೀಪ, ಹೆಗಲಿಗೆ ಹೆಗಲು.
ಹಿಂದೆ ನೆರಿಗೆ ಬಿಟ್ಟ ಸೀರೆಯ ಮುದುಕಿಯೊಬ್ಬಳು
ನನ್ನ ಕಾಲು ತುಳಿದು, ತುಳಿದದ್ದಕ್ಕೆ ನನ್ನನ್ನೇ ಬೈದಳು.
ರಾತ್ರಿ ಒಂದು ಇಪ್ಪತ್ತಾರಕ್ಕೆ ಎಂದಿದ್ದರು ಜೋಯಿಸರು.
ಒಂದು ಇಪ್ಪತ್ತೇಳಕ್ಕೆ ಕೂಗೆದ್ದಿತು: ಉಕ್ಕಿದಳು!
ನನ್ನ ಕೈ ತಾನಾಗಿ ಜೇಬಿಗೆ ಹೋಯಿತು, ಪೆನ್ಸಿಲ್ಲಿಗೆ.
ಎಷ್ಟು? ಎಷ್ಟು ಏರಿತು?
ಎರಡು ತಲೆಗಳ ಸಂದಿಯಲ್ಲಿ ನನಗೆ ಕಂಡದ್ದು ಇಷ್ಟೆ:
ಮೊರದಷ್ಟಗಲದ ಕುಂಡಿಕೆ,
ಅಂಚಿಗಂಟಿದ ಒಂದು ತುಳಸಿ ಎಲೆ
ಸ್ವಲ್ಪ ಎದ್ದಿತು, ಮತ್ತೆ ಕೂತಿತು.
ಗಾಳಿಯೋ, ಯಾರದೋ ಚೊಂಬು ತಾಗಿತೋ, ಅವಳೋ.

ಇದಕ್ಕಾಗಿಯೇ ನಾನು ಸೇತುವೆ ಮುಳುಗಿದ ರಾತ್ರಿ
ಮರಕ್ಕೆ ಸೊಂಟ ಕಟ್ಟಿಕೊಂಡು ಗೆರೆ ಎಣಿಸಿದ್ದೆ.

ಬೆಳಗ್ಗೆ ಭಾಗೀರಥಿ ಬ್ರಹ್ಮಗಿರಿ ಹತ್ತಿ ಬಂದಳು.
ಮಂಡಿನೋವಿಗೆ ನಾನು ಕೆಳಗೇ ಕೂತು ಕಾಫಿ ಕುಡಿದೆ.
"ಏನು ಕಂಡಿತು?" "ಮಂಜು."
"ಮತ್ತೆ?" "ಮಂಜೇ. ಚೆನ್ನಾಗಿತ್ತು."

ಕೂಡಿಗೆಯ ಕಂಬದ ಹತ್ತಿರ ಈಗ ಯಂತ್ರ ಉಂಟು,
ಬಿಸಿಲು ತಿಂದು ತಾನೇ ಲೆಕ್ಕ ಕಳಿಸುತ್ತದೆ.
ಕೆಮ್ಮಿನ ಔಷಧದ ಬಾಟಲಿಯಲ್ಲಿ ತಂದ ತೀರ್ಥ
ದೇವರ ಗೂಡಿನಲ್ಲಿದೆ, ಕೊನೆಯ ಉಸಿರಿಗೆ ಒಂದು ಚಮಚ.
ಯಾರದು ಮೊದಲು ಎಂದು ಇಬ್ಬರೂ ಕೇಳಿಕೊಂಡಿಲ್ಲ.
ಮೊನ್ನೆ ಗೂಡು ಒರೆಸುವಾಗ ಅವಳು ಬಾಟಲಿ ಎತ್ತಿ ಹಿಡಿದಳು.
ಲೇಬಲ್ಲಿನ ಮೇಲೆ, ನೀರು ನಿಂತಲ್ಲಿಗೆ ಸರಿಯಾಗಿ,
ಪೆನ್ಸಿಲ್ಲಿನ ಸಣ್ಣ ಗೆರೆ, ಪಕ್ಕದಲ್ಲಿ ತಾರೀಕು.
ನನ್ನ ಮುಖ ನೋಡಿದಳು.
ಬಾಟಲಿಯನ್ನೂ ಒರೆಸಿದಳು, ಗೆರೆಯೊಂದನ್ನು ಬಿಟ್ಟು.