ಸದ್ದಿಲ್ಲದ ದಾರಿ ಕೇಳಿದವಳಿಗೆ ಲಿಯೊಕಾದಿಯಾ ಹೇಳಿದ್ದು

ಕೂತುಕೋ ಮೊದಲು. ನೀರು ಕುಡಿ.
ಲಾರಿ ಕಾರು ಇಲ್ಲದ ದಾರಿ ಬೇಕು ಅಂದೆಯಲ್ಲ,
ನೀನು ಕೂತಿರುವುದೇ ಅದರ ದಂಡೆ.
ಇದು ಪ್ಲಾಟ್‌ಫಾರಮ್ಮು. ಅದು ಟಿಕೆಟ್ ಕಿಟಕಿ,
ಈಗ ಅಲ್ಲಿಂದ ಆಲೂಗಡ್ಡೆ ಆಮ್ಲೆಟ್ಟು ಕೊಡುತ್ತೇನೆ.

ಇಲ್ಲಿಂದ ಫ್ವೆಂತೆಸೆಕಾಗೆ ಮೂವತ್ತೆಂಟು ಕಿಲೋಮೀಟರು.
ಏರು ಇದೆ, ಕಣ್ಣಿಗೆ ಕಾಣದು.
ಎಂಜಿನ್ನಿಗೆಂದು ಕಡಿದ ಏರು ಅದು,
ತೊಡೆಗೆ ಮಾತ್ರ ಗೊತ್ತಾಗುತ್ತದೆ, ಅದೂ ಮಾರನೆಯ ದಿನ.

ಮೊದಲು ಬಾದಾಮಿ ತೋಟ,
ಆಮೇಲೆ ಯಾರದೂ ಅಲ್ಲದ ಬಾದಾಮಿ.
ಯಾರದೂ ಅಲ್ಲದ್ದನ್ನು ಕಿತ್ತುಕೋ,
ಕಹಿ ಇದ್ದರೆ ಉಗಿ, ಮರವನ್ನು ಬೈಯಬೇಡ.

ಒಂಬತ್ತನೆಯ ಕಲ್ಲಿನ ಹತ್ತಿರ ಬಾಲ್ದೊಮೆರೋನ ಕುರಿ.
ಕುರಿ ಅಂದಮೇಲೆ ನಾಯಿ, ಎರಡು,
ಕರುವಿನ ಗಾತ್ರ, ಕೊರಳಲ್ಲಿ ಮುಳ್ಳಿನ ಪಟ್ಟಿ.
ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ಹೋಗಬೇಡ. ಇಳಿ.
ನಿನಗೂ ಅವಕ್ಕೂ ನಡುವೆ ಸೈಕಲ್ಲು ಇಟ್ಟುಕೊಂಡು
ನೆಂಟರ ಮನೆಗೆ ಹೊರಟವಳ ಹಾಗೆ ನಡಿ.
ಹಿರಿಯದರ ಹೆಸರು ನೋಟರಿ. ಕರೆದರೆ ನಾಚಿಕೊಳ್ಳುತ್ತದೆ.

ಸುರಂಗ ಮೂರು. ಮೊದಲೆರಡು ಲೆಕ್ಕಕ್ಕಿಲ್ಲ.
ಮೂರನೆಯದು ಒಳಗೇ ತಿರುಗುತ್ತದೆ;
ಸ್ವಲ್ಪ ಹೊತ್ತು ಹಿಂದಿನ ಬೆಳಕೂ ಇಲ್ಲ, ಮುಂದಿನದೂ ಇಲ್ಲ,
ಬೆನ್ನಿನ ಬೆವರಿಗೆ ಒಮ್ಮೆಲೇ ಚಳಿ ಹಿಡಿಯುತ್ತದೆ.
ಸರ್ಕಾರ ದೀಪ ಹಾಕಿಸಿತ್ತು.
ಬಾವಲಿಗಳು ಅರ್ಜಿ ಕೊಟ್ಟವೋ ಏನೋ, ಈಗ ಉರಿಯುವುದಿಲ್ಲ.

ದಾಟಿದರೆ ಸೇತುವೆ. ಅಲ್ಲಿ ನಿಲ್ಲು.
ರಣಹದ್ದುಗಳು ನಿನ್ನ ಕಾಲ ಕೆಳಗೆ ತೇಲುತ್ತವೆ.
ಹೊಟ್ಟೆ ಎಲ್ಲರೂ ನೋಡಿರುತ್ತಾರೆ,
ಹದ್ದಿನ ಬೆನ್ನು ಎಷ್ಟು ಜನ ನೋಡಿದ್ದಾರೆ ಹೇಳು.

ರೈಲು? ಎಲ್ಲರೂ ಕೇಳುತ್ತಾರೆ, ಯಾವಾಗ ನಿಂತಿತು ಅಂತ.
ನಿಲ್ಲಲಿಕ್ಕೆ ಬಂದಿದ್ದರೆ ತಾನೆ!
ಬೆಟ್ಟ ಕೊರೆದರು, ಕಮಾನು ಕಟ್ಟಿದರು, ಗಡಿಯಾರ ತೂಗಿದರು,
ನನ್ನಪ್ಪ ಎಪಿಫಾನಿಯೋನಿಗೆ
ಟೋಪಿ, ಸೀಟಿ, ಹಸಿರು ಬಾವುಟ ಕೊಟ್ಟರು.
ಆಮೇಲೆ ದುಡ್ಡು ಮುಗಿಯಿತೋ ಮನಸ್ಸು ಮುಗಿಯಿತೋ,
ಹಳಿ ಮಾತ್ರ ಬರಲಿಲ್ಲ.
ಮೂರು ವರ್ಷ ಸಂಬಳ ಬಂತು, ಅದೂ ನಿಂತಿತು.
ಟೋಪಿ ವಾಪಸ್ ಕೇಳಲು ಯಾರೂ ಬರಲಿಲ್ಲ.

ಅಪ್ಪ ದಾರಿಯ ನಟ್ಟನಡುವೆ ಕುರ್ಚಿ ಹಾಕಿಕೊಂಡು
ಬಾದಾಮಿ ಒಡೆಯುತ್ತಿದ್ದ.
ಎರಡು ದಿಬ್ಬಗಳ ಸಂದಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ.
ನಾನು ಹುಟ್ಟಿದಾಗ ಅಲ್ಲಿದ್ದ.
ಮದುವೆಯಾಗಿ ಹೋದಾಗ ಅಲ್ಲಿದ್ದ.
ಗಂಡನನ್ನು ಬಿಟ್ಟು ಪೆಟ್ಟಿಗೆ ಹಿಡಿದು ಬಂದಾಗಲೂ ಅಲ್ಲೇ,
ತಲೆಯೆತ್ತಿ, ‘ಇನ್ನೊಂದು ಸುತ್ತಿಗೆ ಒಳಗಿದೆ’ ಅಂದ.
ಅಷ್ಟೇ ಅಂದ.

ಆಮೇಲೆ ಒಂದು ಅಕ್ಟೋಬರಿನಲ್ಲಿ, ನಿನ್ನಂಥವಳೇ ಒಬ್ಬಳು,
ಮುಖವೆಲ್ಲ ಸುಣ್ಣದ ಧೂಳು,
ತಿರುವಿನಿಂದ ಬಂದು ಗಂಟೆ ಬಾರಿಸಿದಳು.
ಟ್ರಿಣ್. ಒಂದೇ ಸಲ.
ಅಪ್ಪ ಸುತ್ತಿಗೆ ಕೆಳಗಿಟ್ಟ. ಎದ್ದ.
ಕುರ್ಚಿ ಎತ್ತಿ ಪಕ್ಕಕ್ಕೆ ಸರಿದ.
ಐವತ್ತೊಂದು ವರ್ಷದಲ್ಲಿ ಮೊದಲ ಸಲ
ಯಾರಿಗೋ ದಾರಿ ಬಿಡಬೇಕಾಗಿ ಬಂದಿತ್ತು.
ಅವಳು ಕಣ್ಮರೆಯಾದ ಮೇಲೂ ಕುರ್ಚಿ ಹಿಡಿದೇ ನಿಂತಿದ್ದ.
ಇಡಪ್ಪ ಕೆಳಗೆ ಅಂದರೆ,
‘ತಾಳು, ಹಿಂದೆ ಇನ್ನೂ ಇರಬಹುದು’ ಅಂದ.

ಇರಲಿ, ಬಿಸಿಲು ಏರುತ್ತಿದೆ, ಹೊರಡು.
ಫ್ವೆಂತೆಸೆಕಾ ಅಂದರೆ ಬತ್ತಿದ ಚಿಲುಮೆ.
ಹೆಸರು ನಂಬಬೇಡ, ನೀರಿರುವುದು ಅಲ್ಲೊಂದೇ ಕಡೆ.
ಇವತ್ತು ಗುರುವಾರವಲ್ಲವೇ, ಹನ್ನೊಂದರ ಹೊತ್ತಿಗೆ ಎಡಕ್ಕೆ ನೋಡಿಕೋ,
ಬ್ರೆಡ್ಡಿನ ವ್ಯಾನು ಅಡ್ಡ ದಾಟುತ್ತದೆ.
ನಮ್ಮ ಟ್ರಾಫಿಕ್ಕು ಅಂದರೆ ಅದೇ.

ಸಂಜೆ ಇದೇ ದಾರಿಯಲ್ಲಿ ಮರಳಿದರೆ
ನಾನು ನಡುವೆ ಕೂತಿರುತ್ತೇನೆ, ಕಿವಿ ಸ್ವಲ್ಪ ಮಂದ.
ಎರಡು ಸಲ ಬಾರಿಸು.
ಏಳುತ್ತೇನೆ.