ಸುರುಳಿ

ಟೊಲಿಡೋ ಊರಿನ ಸಣ್ಣ ಕೋರ್ಟು.
ಲೊರೇನ್ ಡುಡೆಕ್ ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ,
ಒಳಗೆ ಹನ್ನೊಂದು ವರ್ಷದ ಪತ್ರಗಳು,
ಮೂರು ಕೈ ಬದಲಿಸಿದ ಕಾರ್ಡಿನ ಸಾಲ.

ರೀನೋದ ಮೋಟೆಲು, ನಾಲ್ಕು ರಾತ್ರಿ, ದಿನವೂ ಎರಡು ಊಟ.
'ಆ ಊರಿಗೆ ನಾನು ಕಾಲೇ ಇಟ್ಟಿಲ್ಲ'
ಫೋನಿನಲ್ಲಿ ಹೇಳಿ ಹೇಳಿ
ಮಾತು ಸವಕಲು ನಾಣ್ಯ.
ಕೊನೆಗೆ ತಾನೇ ದಾವೆ ಹೂಡಿದಳು, ವಕೀಲನಿಲ್ಲದೆ.

'ಮೂಲ ರಸೀದಿ ಎಲ್ಲಿ?' ನ್ಯಾಯಾಧೀಶರು ಕೇಳಿದರು.
ತಂದಿದ್ದರು.
ಎಳೆ ಮೀಸೆಯ ವಕೀಲ ಹಾಳೆ ಜಾರಿಸಿದ.

ಅವಳ ಕೈಬರಹವಲ್ಲ, ನಿಜ.
ಡುಡೆಕ್‌ನ ಮೊದಲಕ್ಷರಕ್ಕೆ ಮೇಲೇಳುವ ಬಾಲ:
ಮದುವೆಯ ರಿಜಿಸ್ಟರಿನಲ್ಲಿ,
ಆಸ್ಪತ್ರೆಯ ಕೊನೆಯ ಒಪ್ಪಿಗೆಪತ್ರದಲ್ಲಿ
ಸುತ್ತಿಕೊಂಡಿದ್ದ ಅದೇ ಸುರುಳಿ.

'ಈ ಸಹಿ ನಿಮ್ಮದೇ?'
'ಅಲ್ಲ.' ಸುಳ್ಳೇನಲ್ಲ.
ಗೆದ್ದಳು.

ಬಸ್ಸಿನಲ್ಲಿ ಡಬ್ಬಿ ಹಗುರ.
ನಿಲ್ದಾಣ ಬಂತು, ಇಳಿದಳು.
ಆ ಎರಡನೇ ಊಟ ಮಾತ್ರ
ಇಳಿಯಲೊಲ್ಲದು.