ತಂತಿಯ ತುದಿ

ಮೂಂಟಾದ ತಗಡಿನ ಶೆಡ್ಡಿನಲ್ಲಿ
ಮರ್ವಿನ್ ಟ್ರೆಗೆಂಜಾ
ಪೇಪರ್ ಕ್ಲಿಪ್ಪೊಂದನ್ನು ನೆಟ್ಟಗೆಳೆದು
ತುದಿಯಷ್ಟೇ ಕೊಕ್ಕೆ ಮಾಡಿದ.

ಯುದ್ಧದ ಕೋವಿ ಇದು, ಅಂದ.
ಕೆಸರು ಮೆತ್ತಿದರೂ ಕಚ್ಚಿಕೊಳ್ಳಬಾರದಂತ
ಚೇಂಬರು ಸಡಿಲ ಕೊರೆದಿದ್ದಾರೆ.
ಪುಸ್ತಕದ ಅಳತೆ ಪುಸ್ತಕಕ್ಕೆ,
ಇದರದ್ದು ಇದಕ್ಕೇ.
ಪ್ರತಿ ಈಡಿಗೂ ಹಿತ್ತಾಳೆ ಹಿಗ್ಗುತ್ತೆ,
ಬುಡದ ಹತ್ತಿರ ಸಣ್ಣಗೆ ಸವೆಯುತ್ತೆ.
ಮೇಲೆಲ್ಲ ಥಳುಕು. ಹುಳುಕು ಒಳಗೆ.

ಖಾಲಿ ತೋಟೆಯೊಳಗೆ ಕೊಕ್ಕೆ ಇಳಿಸಿ
ಕಣ್ಣು ಮುಚ್ಚಿದ.
ಒಳಗೋಡೆ ಸವರುತ್ತ ಬಂದ ತಂತಿ
ಒಂದೆಡೆ ತಡವರಿಸಿತು:
ಕೂದಲೆಳೆಯಷ್ಟು ಹಳ್ಳ.

ಇದಕ್ಕೇ ಇನ್ನೊಮ್ಮೆ ಮದ್ದು ತುಂಬಿದ್ದರೆ?

ಅವನು ಕೆನ್ನೆಯ ನೀಲಿ ಚುಕ್ಕೆಗಳನ್ನು
ಸುಮ್ಮನೆ ಕೆರೆದುಕೊಂಡ.
ಇಕ್ಕಳದಲ್ಲಿ ತೋಟೆಯ ಬಾಯಿ ಹಿಸುಕಿ
ಡಬ್ಬಕ್ಕೆಸೆದ. ಠಣ್.

ಮುಂದಿನದು ಕೊಡು, ಅಂದ.